ಹೊಸ ರೂಟರ್ ಹಾಕಿದ ದಿನಚರಿ: 94ಕ್ಕೆ ನಿಂತ ಸ್ಪೀಡು, ಮಾಯವಾಗುತ್ತಿದ್ದ 5 ಗಿಗಾಹರ್ಟ್ಸ್

ಒಂಬತ್ತು ದಿನದಿಂದ ನಮ್ಮ ಮನೆಯ ಹೊಸ ರೂಟರ್ ಒಂದು ಸಲವೂ ಕೈಕೊಟ್ಟಿಲ್ಲ. ಅದಕ್ಕೆ ಮುಂಚಿನ ಒಂದು ವಾರದ ಕಥೆಯೇ ಬೇರೆ. ನಾಲ್ಕು ತೊಂದರೆ ಬಂದವು. ನಾಲ್ಕಕ್ಕೂ ಮನೆಯಲ್ಲಿ ಎಲ್ಲರೂ ಇಟ್ಟ ಹೆಸರು ಒಂದೇ: "ವೈಫೈ ಸರಿಯಿಲ್ಲ". ಆದರೆ ಅದರಲ್ಲಿ ಎರಡಕ್ಕೆ ವೈಫೈ ಜೊತೆ ಸಂಬಂಧವೇ ಇರಲಿಲ್ಲ. ಆಗಾಗ ಒಂದು ನೋಟ್‌ಬುಕ್‌ನಲ್ಲಿ ಗೀಚಿಕೊಂಡಿದ್ದೆ. ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಕೆಲಸಕ್ಕೆ ಕೈಹಾಕಿದವರಿಗೆ ಒಂದೆರಡು ಗಂಟೆ ಉಳಿದರೂ ಸಾಕು.

ಮೊದಲು ಅಳತೆ

ನಮ್ಮದು ಫೈಬರ್ ಲೈನು, 300 ಎಂಬಿಪಿಎಸ್ ಪ್ಲಾನು. ಹಾಲ್‌ನ ಒಂದು ಮೂಲೆಯಲ್ಲಿ ಫೈಬರ್ ಒಳಗೆ ಬಂದು ಒಂದು ಬಿಳಿ ಡಬ್ಬಿಗೆ ಸೇರುತ್ತದೆ. ಫೈಬರ್‌ನಲ್ಲಿ ಬರುವ ಬೆಳಕನ್ನು ತಾಮ್ರದ ತಂತಿಗೆ ದಾಟಿಸುವ ಡಬ್ಬಿ ಅದು, ಒಎನ್‌ಟಿ ಅನ್ನುತ್ತಾರೆ. ನಾನು ಫೈಬರ್ ಡಬ್ಬಿ ಅಂತಲೇ ಬರೆಯುತ್ತೇನೆ. ಅದರೊಳಗೇ ಒಂದು ಸಣ್ಣ ವೈಫೈ ಇದೆ. ಹಾಲ್‌ನಲ್ಲಿ ಚೆನ್ನಾಗಿಯೇ ಸಿಗುತ್ತದೆ, ಹಿಂದಿನ ಕೋಣೆ ತಲುಪುವಷ್ಟರಲ್ಲಿ ಉಸಿರು ನಿಂತಿರುತ್ತದೆ. ಹೊಸ ರೂಟರ್ ತಂದಿದ್ದು ಅದಕ್ಕೇ. ಮನೆಯ ನಡುವೆ ಇರುವ ಓಣಿಯಲ್ಲಿ ಅದನ್ನು ಇಡುವ ಯೋಚನೆ. ಹಾಲ್‌ನಿಂದ ಓಣಿಗೆ ಗೋಡೆಯೊಳಗೆ ಒಂದು ನೆಟ್‌ವರ್ಕ್ ಕೇಬಲ್ ಮೊದಲೇ ಎಳೆದಿತ್ತು, ಇಷ್ಟು ವರ್ಷ ಯಾರೂ ಬಳಸಿರಲಿಲ್ಲ.

ಡಬ್ಬ ಬಿಚ್ಚುವ ಮುಂಚೆ ಹಳೆಯ ಸ್ಥಿತಿಯನ್ನು ಅಳೆದು ಬರೆದಿಟ್ಟೆ. ಈ ಒಂದು ಕೆಲಸ ಆಮೇಲೆ ಬಹಳ ಉಪಕಾರಕ್ಕೆ ಬಂತು. ಮೊದಲು ಲ್ಯಾಪ್‌ಟಾಪನ್ನು ತಂತಿಯಲ್ಲೇ ಫೈಬರ್ ಡಬ್ಬಿಗೆ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿದೆ: 310. ಅಂದರೆ ಮನೆ ಬಾಗಿಲ ತನಕ ಕಂಪನಿ ಕೊಡಬೇಕಾದ್ದು ಬರುತ್ತಿದೆ. ಇನ್ನು ಏನು ಕಡಿಮೆಯಾದರೂ ಅದು ನನ್ನ ಮನೆಯೊಳಗಿನ ಸಮಸ್ಯೆ. ಆಮೇಲೆ ಫೋನಿನಲ್ಲಿ ವೈಫೈ ಅಳೆಯುವ ಒಂದು ಆ್ಯಪ್ ಹಾಕಿಕೊಂಡು ಮನೆ ಸುತ್ತಿದೆ. ಹಾಲ್‌ನಲ್ಲಿ -41 ಡಿಬಿಎಂ, ಓಣಿಯಲ್ಲಿ -63, ಹಿಂದಿನ ಕೋಣೆಯಲ್ಲಿ -79. ಅಲ್ಲಿ ಸ್ಪೀಡು 9.

ಈ ಡಿಬಿಎಂ ಲೆಕ್ಕ ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 3 ಕಡಿಮೆಯಾದರೆ ಸಿಗ್ನಲ್‌ನ ಶಕ್ತಿ ಅರ್ಧ, 10 ಕಡಿಮೆಯಾದರೆ ಹತ್ತನೇ ಒಂದು ಪಾಲು. ವಿಡಿಯೋ ಕಾಲ್ ತಡೆಯದೆ ನಡೆಯಬೇಕು ಅಂದರೆ -67ರ ಆಸುಪಾಸಿನಲ್ಲಿ ಇರಬೇಕು. -80 ಅಂದರೆ ಹೆಸರು ಕಾಣಿಸುತ್ತದೆ, ಕೆಲಸ ನಡೆಯುವುದಿಲ್ಲ.

ಎರಡು ಡಬ್ಬಿಗೆ ಒಂದೇ ವಿಳಾಸ

ರೂಟರಿನ ತಳದಲ್ಲಿರುವ ಸ್ಟಿಕರ್‌ನ ಫೋಟೊ ತೆಗೆದಿಟ್ಟುಕೊಂಡೆ. ಮೊದಲ ಸಲ ಒಳಹೊಗಲು ಬೇಕಾದ ಹೆಸರು, ಪಾಸ್‌ವರ್ಡ್, ವಿಳಾಸ ಎಲ್ಲ ಅದರಲ್ಲೇ ಇರುತ್ತದೆ. ರೂಟರನ್ನು ಶೆಲ್ಫಿನ ಮೇಲೆ ಕೂರಿಸಿದ ಮೇಲೆ ಅದನ್ನು ಬಗ್ಗಿ ಓದುವ ಪಾಡು ಬೇಡ. ಮೊದಲ ಸೆಟಪ್ಪನ್ನು ಫೈಬರ್ ಡಬ್ಬಿಯ ಪಕ್ಕದಲ್ಲೇ ಇಟ್ಟು, ಲ್ಯಾಪ್‌ಟಾಪಿಗೆ ತಂತಿ ಹಾಕಿಯೇ ಮಾಡಿದೆ. ವೈಫೈ ಮೇಲೆ ಕೂತು ವೈಫೈ ಸೆಟ್ಟಿಂಗ್ ಬದಲಿಸುವುದು ಕೂತ ಕೊಂಬೆಯನ್ನೇ ಕಡಿದ ಹಾಗೆ.

ಮೊದಲ ಪುಟದಲ್ಲೇ ನಿಂತಿತು. ಕಿತ್ತಳೆ ದೀಪ, "ಇಂಟರ್ನೆಟ್ ಇಲ್ಲ" ಅನ್ನುವ ಸಂದೇಶ. ಕೇಬಲ್ ಬಿಗಿಯಾಗಿದೆ, ಫೈಬರ್ ಡಬ್ಬಿಯಲ್ಲಿ ಪಾನ್ ದೀಪ ಹಸಿರು, ಲಾಸ್ ದೀಪ ಆರಿದೆ. ಅಂದರೆ ಫೈಬರ್ ಸರಿಯಾಗಿದೆ. ಲಾಸ್ ದೀಪ ಕೆಂಪಾಗಿದ್ದರೆ ರೂಟರ್ ಮುಟ್ಟುವ ಅಗತ್ಯವೇ ಇಲ್ಲ, ಬೆಳಕೇ ಬರುತ್ತಿಲ್ಲ ಅಂತ ಅರ್ಥ.

ರೂಟರಿನ ಸ್ಟೇಟಸ್ ಪುಟ ತೆಗೆದು ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ಫೈಬರ್ ಡಬ್ಬಿಯ ವಿಳಾಸ 192.168.1.1. ಹೊಸ ರೂಟರ್ ಕೂಡ ತನ್ನ ಒಳಗಿನ ನೆಟ್‌ವರ್ಕಿಗೆ 192.168.1.1 ಅಂತಲೇ ಇಟ್ಟುಕೊಂಡಿದೆ. ಎಡಗಡೆ ಬೀದಿಗೂ ಬಲಗಡೆ ಬೀದಿಗೂ ಒಂದೇ ಹೆಸರು, ಎರಡರಲ್ಲೂ ಮನೆ ನಂಬರು ಒಂದೇ. ನಡುವೆ ನಿಂತ ಪೋಸ್ಟ್‌ಮ್ಯಾನ್ ಕಾಗದವನ್ನು ಯಾವ ಕಡೆಗೆ ಒಯ್ಯಬೇಕು? ಕೆಲವು ರೂಟರ್‌ಗಳು ಇದನ್ನು ತಾವೇ ಗುರುತಿಸಿ ಬೇರೆ ವಿಳಾಸಕ್ಕೆ ಸರಿಯುತ್ತವೆ. ನನ್ನದು ಸರಿಯಲಿಲ್ಲ.

ರೂಟರಿನ ಲ್ಯಾನ್, ಅಂದರೆ ಮನೆಯೊಳಗಿನ ನೆಟ್‌ವರ್ಕಿನ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು 192.168.50.1 ಅಂತ ಬದಲಿಸಿ ಸೇವ್ ಒತ್ತಿದೆ. ತಕ್ಷಣ ಪುಟ ಕೈಬಿಟ್ಟುಹೋಯಿತು. ಇಲ್ಲಿ ಗಾಬರಿ ಆಗಬೇಕಾಗಿಲ್ಲ. ಲ್ಯಾಪ್‌ಟಾಪ್ ಇನ್ನೂ ಹಳೆಯ ಬೀದಿಯ ವಿಳಾಸ ಹಿಡಿದುಕೊಂಡು ಕೂತಿರುತ್ತದೆ, ಅಷ್ಟೇ. ತಂತಿ ತೆಗೆದು ಮತ್ತೆ ಚುಚ್ಚಿದರೆ ಹೊಸ ವಿಳಾಸ ಕೇಳಿ ಪಡೆಯುತ್ತದೆ. ಹಾಗೇ ಮಾಡಿದೆ. ದೀಪ ಹಸಿರಾಯಿತು.

ಇಲ್ಲಿಗೇ ಬಿಡಬಹುದಿತ್ತು. ಆದರೆ ಈ ಜೋಡಣೆಯಲ್ಲಿ ಫೈಬರ್ ಡಬ್ಬಿಯೂ ರೂಟರ್ ಕೆಲಸ ಮಾಡುತ್ತದೆ, ಹೊಸದೂ ಮಾಡುತ್ತದೆ. ಡಬಲ್ ನ್ಯಾಟ್ ಅನ್ನುವುದು ಇದಕ್ಕೇ. ವಿಡಿಯೋ ನೋಡುವುದಕ್ಕೆ, ಬ್ರೌಸಿಂಗ್‌ಗೆ ಏನೂ ತೊಂದರೆ ಇಲ್ಲ. ಕೆಲವು ಆಟಗಳು, ಆಫೀಸಿನ ಕೆಲವು ವಿಪಿಎನ್‌ಗಳು ಮಾತ್ರ ತಕರಾರು ಮಾಡುತ್ತವೆ. ಅದಕ್ಕಿಂತ ಜಾಸ್ತಿ, ಮುಂದೆ ಏನಾದರೂ ಕೆಟ್ಟರೆ ಎರಡು ಕಡೆ ಹುಡುಕಬೇಕಾಗುತ್ತದೆ. ಅದು ನನಗೆ ಇಷ್ಟವಿರಲಿಲ್ಲ. ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿ (ಆಗ ಅದು ರೂಟರ್ ಕೆಲಸ ಬಿಟ್ಟು, ಬಂದದ್ದನ್ನು ಹಾಗೇ ದಾಟಿಸುತ್ತದೆ), ಲಾಗಿನ್ ಕೆಲಸವನ್ನು ಹೊಸ ರೂಟರಿಗೆ ಒಪ್ಪಿಸೋಣ ಅಂತ ತೀರ್ಮಾನಿಸಿದೆ.

ಅದಕ್ಕೆ ಮೂರು ವಿಷಯ ಬೇಕು: ಪಿಪಿಪಿಒಇ (ಕಂಪನಿಯ ಸರ್ವರಿಗೆ ಲಾಗಿನ್ ಆಗುವ ಪದ್ಧತಿ) ಯೂಸರ್ ನೇಮ್, ಪಾಸ್‌ವರ್ಡ್, ಮತ್ತು ಕೆಲವು ಲೈನ್‌ಗಳಲ್ಲಿ ವಿಲ್ಯಾನ್ ನಂಬರು, ಅಂದರೆ ಒಂದೇ ಲೈನಿನೊಳಗೆ ಇಂಟರ್ನೆಟ್ ಯಾವ ಸಾಲಿನಲ್ಲಿ ಹೋಗಬೇಕು ಅನ್ನುವ ಗುರುತು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಾಗ ಮೊದಲೆರಡನ್ನು ಹೇಳಿದರು, ಮೂರನೆಯದರ ಸುದ್ದಿಯೇ ಎತ್ತಲಿಲ್ಲ. ಹಾಕಿ ನೋಡಿದೆ. ಕನೆಕ್ಟ್ ಆಗಲಿಲ್ಲ.

ಇಲ್ಲಿ ಬರುವ ತಪ್ಪಿನ ಸಂದೇಶವನ್ನು ಗಮನವಿಟ್ಟು ಓದಬೇಕು. "ಆಥೆಂಟಿಕೇಶನ್ ಫೇಲ್ಡ್" ಅಂತ ಬಂದರೆ ಅದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಆ ಕಡೆಯ ಸರ್ವರ್ ನಿಮ್ಮ ಮಾತು ಕೇಳಿಸಿಕೊಂಡಿದೆ, ಪಾಸ್‌ವರ್ಡ್ ತಪ್ಪು ಅಂತ ಉತ್ತರವನ್ನೂ ಕೊಟ್ಟಿದೆ. ದಾರಿ ಸರಿಯಿದೆ. ನನಗೆ ಬಂದಿದ್ದು ಅದಲ್ಲ, "ಸರ್ವರ್ ಉತ್ತರಿಸುತ್ತಿಲ್ಲ" ಅಂತ. ಅಂದರೆ ನನ್ನ ಕೂಗು ಅಲ್ಲಿಯ ತನಕ ಹೋಗುತ್ತಲೇ ಇಲ್ಲ. ಪಾಸ್‌ವರ್ಡನ್ನು ಹತ್ತು ಸಲ ಟೈಪ್ ಮಾಡಿದರೂ ಪ್ರಯೋಜನವಿಲ್ಲ. ಮತ್ತೆ ಫೋನ್ ಮಾಡಿ ನೇರವಾಗಿ ವಿಲ್ಯಾನ್ ನಂಬರು ಕೇಳಿದೆ. ಕೊಟ್ಟರು. ಹಾಕಿದ ಐದು ಸೆಕೆಂಡಿಗೆ ಕನೆಕ್ಟ್ ಆಯಿತು. ಫೈಬರ್ ಡಬ್ಬಿಯ ಪಕ್ಕದಲ್ಲೇ, ಹೊಸ ರೂಟರ್ ಮೂಲಕ ತಂತಿಯಲ್ಲಿ ಅಳೆದೆ: 308. ಬರೆದಿಟ್ಟುಕೊಂಡೆ.

ಪಿಪಿಪಿಒಇ ಇದ್ದಾಗ ಇನ್ನೊಂದು ಸಣ್ಣ ಪರೀಕ್ಷೆ ಮಾಡುವುದು ಒಳ್ಳೆಯದು. ಡೇಟಾ ಹೋಗುವುದು ಪ್ಯಾಕೆಟ್ ಅನ್ನುವ ಸಣ್ಣ ಸಣ್ಣ ಕಂತೆಗಳಾಗಿ. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1500 ಬೈಟ್ ತನಕ ಇರಬಹುದು. ಪಿಪಿಪಿಒಇ ಅದರಲ್ಲಿ 8 ಬೈಟನ್ನು ತಾನು ತೆಗೆದುಕೊಳ್ಳುತ್ತದೆ, ಉಳಿಯುವುದು 1492. ರೂಟರ್‌ನಲ್ಲಿ ಎಂಟಿಯು, ಅಂದರೆ ಪ್ಯಾಕೆಟಿನ ಈ ಗರಿಷ್ಠ ಅಳತೆ, ತಪ್ಪಾಗಿದ್ದರೆ ಕೆಲವು ಸೈಟುಗಳು ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ, ಕಾರಣವೇ ಹೊಳೆಯುವುದಿಲ್ಲ. ಪ್ಯಾಕೆಟನ್ನು ತುಂಡು ಮಾಡಬೇಡ ಅನ್ನುವ ಆಯ್ಕೆ ಕೊಟ್ಟು 1464 ಬೈಟಿನ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷಾ ಸಂದೇಶ) ಕಳಿಸಿದೆ. ಅದಕ್ಕೆ ತಲೆಬರಹದ (ಪ್ಯಾಕೆಟಿನ ಮುಂದೆ ಸೇರುವ ವಿಳಾಸ ಇತ್ಯಾದಿ) 28 ಸೇರಿ 1492. ಹೋಯಿತು. 1465 ಹೋಗಲಿಲ್ಲ. ಸರಿಯಾಗಿದೆ ಅಂತ ಮುಂದೆ ಹೋದೆ.

94

ಸಂಜೆ ರೂಟರನ್ನು ಓಣಿಗೆ ಸಾಗಿಸಿದೆ. ಗೋಡೆಯ ಸಾಕೆಟ್ಟಿಗೆ ಚುಚ್ಚಿ, ಸದ್ಯಕ್ಕೆ ಅಲ್ಲೇ ಇದ್ದ ಕಬ್ಬಿಣದ ಬೀರುವಿನ ಮೇಲೆ ಇಟ್ಟೆ. ಎಲ್ಲ ದೀಪವೂ ಹಸಿರು. ಫೋನ್ ಹಿಡಿದು ರೂಟರಿನಿಂದ ಎರಡು ಮೀಟರ್ ದೂರದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿದೆ. 93.

ಸಿಗ್ನಲ್ -38, ಅದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ಆದರೂ 93. ಇನ್ನೊಮ್ಮೆ: 94. ಚಾನೆಲ್, ಅಂದರೆ ವೈಫೈ ಮಾತಾಡುವ ರೇಡಿಯೋ ದಾರಿ, ಬದಲಿಸಿದೆ: 94. ಚಾನೆಲ್ ಅಗಲವನ್ನು 80 ಮೆಗಾಹರ್ಟ್ಸ್‌ನಿಂದ 160 ಮಾಡಿದೆ: 94. ರೂಟರ್ ರೀಸ್ಟಾರ್ಟ್, ಫೋನ್ ರೀಸ್ಟಾರ್ಟ್, ಬೇರೆ ಫೋನು. 94, 93, 94. ಹೀಗೇ ಎರಡು ಗಂಟೆ ಹೋಯಿತು.

ಆಮೇಲೆ ನೋಟ್‌ಬುಕ್‌ನಲ್ಲಿ ಆ ಅಂಕಿಗಳನ್ನು ಒಂದರ ಕೆಳಗೆ ಒಂದು ನೋಡಿದಾಗ ವಿಷಯ ಹೊಳೆಯಿತು. ವೈಫೈ ಸ್ಪೀಡು ಹೀಗೆ ಇರುವುದಿಲ್ಲ. ಅದು ಗಾಳಿಯ ಹಾಗೆ. ಒಮ್ಮೆ 210, ಇನ್ನೊಮ್ಮೆ 165, ಯಾರೋ ನಡುವೆ ಹಾದುಹೋದರೆ 140. ಒಂದೇ ಅಂಕಿಯಲ್ಲಿ ಇಷ್ಟು ಅಲುಗಾಡದೆ ನಿಂತಿದೆ ಅಂದರೆ ಯಾವುದೋ ತಂತಿ ಅದನ್ನು ಹಿಡಿದು ನಿಲ್ಲಿಸಿದೆ. ಅದರಲ್ಲೂ 94 ಅನ್ನುವುದು ಸುಮ್ನೆ ಬಂದ ಅಂಕಿ ಅಲ್ಲ. 100 ಎಂಬಿಪಿಎಸ್ ತಂತಿ ಸಂಪರ್ಕದಲ್ಲಿ ಪ್ಯಾಕೆಟ್‌ಗಳ ತಲೆಬರಹ, ನಡುವಿನ ಬಿಡುವು ಎಲ್ಲ ಕಳೆದು ಕೈಗೆ ಸಿಗುವುದು ಸುಮಾರು 94.

ರೂಟರಿನ ಪುಟದಲ್ಲಿ ಪೋರ್ಟ್ ಸ್ಟೇಟಸ್ ತೆಗೆದೆ. ವ್ಯಾನ್ ಪೋರ್ಟ್ (ಫೈಬರ್ ಡಬ್ಬಿಯಿಂದ ಬರುವ ಕೇಬಲ್ ಚುಚ್ಚುವ ಕಿಂಡಿ): 100 ಎಂಬಿಪಿಎಸ್. ಮಧ್ಯಾಹ್ನ ಫೈಬರ್ ಡಬ್ಬಿಯ ಪಕ್ಕದಲ್ಲಿದ್ದಾಗ ಇದೇ ಪೋರ್ಟು 1000 ತೋರಿಸಿತ್ತು. ನಡುವೆ ಬದಲಾಗಿದ್ದು ಒಂದೇ, ಗೋಡೆಯೊಳಗಿನ ಕೇಬಲ್.

ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ಎಳೆ ಇರುತ್ತವೆ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು: 1 ಮತ್ತು 2, 3 ಮತ್ತು 6ನೇ ಪಿನ್. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ಎಳೆ ಕಡಿದುಹೋಗಿದ್ದರೂ ಎರಡು ಕಡೆಯ ಸಾಧನಗಳು ಸಾಮಾನ್ಯವಾಗಿ 100ಕ್ಕೆ ಇಳಿದುಕೊಂಡು ಕೆಲಸ ನಡೆಸುತ್ತವೆ. ದೀಪ ಹಸಿರೇ ಇರುತ್ತದೆ. ಎಲ್ಲೂ ತಪ್ಪಿನ ಸಂದೇಶ ಬರುವುದಿಲ್ಲ. ಅದಕ್ಕೇ ಇದು ಇಷ್ಟು ಕಾಡುತ್ತದೆ. ಪೂರ್ತಿ ಕೆಟ್ಟಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಮೊದಲು ಎರಡೂ ತುದಿಯ ಸಣ್ಣ ಪ್ಯಾಚ್ ಕೇಬಲ್‌ಗಳನ್ನು ಒಂದೊಂದಾಗಿ ಬದಲಿಸಿದೆ. ಒಟ್ಟಿಗೆ ಅಲ್ಲ. ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದು ಕೆಟ್ಟಿತ್ತು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಬದಲಿಸಿಯೂ 100 ಹಾಗೇ ಇತ್ತು. ಹಾಗಾಗಿ ಮರುದಿನ ಬೆಳಿಗ್ಗೆ ಕೇಬಲ್ ಟೆಸ್ಟರ್ ಕೈಗೆತ್ತಿಕೊಂಡೆ. ಇದು ಎರಡು ತುಂಡಿನ ಸಣ್ಣ ಸಲಕರಣೆ. ಒಂದನ್ನು ಹಾಲ್‌ನ ಸಾಕೆಟ್ಟಿಗೆ, ಇನ್ನೊಂದನ್ನು ಓಣಿಯ ಸಾಕೆಟ್ಟಿಗೆ ಹಾಕಬೇಕು. ಆ ಕಡೆಯಿಂದ ಒಂದೊಂದೇ ಎಳೆಗೆ ಕರೆಂಟ್ ಬಿಡುತ್ತದೆ, ಈ ಕಡೆ ಒಂದೊಂದೇ ದೀಪ ಹತ್ತಬೇಕು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಎಂಟನೆಯದರ ಜಾಗದಲ್ಲಿ ಕತ್ತಲು. ಮತ್ತೆ ಒಂದು.

ಮೂರು ಸುತ್ತು ನೋಡಿದೆ. ಎಂಟು ಹತ್ತಲೇ ಇಲ್ಲ.

ಓಣಿಯ ಕಡೆಯ ಸಾಕೆಟ್ಟಿನ ಎರಡು ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದೆ. ಹಿಂದೆ ಎಂಟೂ ಎಳೆ ತಮ್ಮ ತಮ್ಮ ಸೀಳಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ನೋಡಲು ಏನೂ ತಪ್ಪಿಲ್ಲ. ಟಾರ್ಚ್ ಬಿಟ್ಟು, ಕಡ್ಡಿಯಲ್ಲಿ ಒಂದೊಂದನ್ನೇ ಮೆಲ್ಲಗೆ ಮೀಟಿದೆ. ಕಿತ್ತಳೆ ಬಿಗಿ, ಹಸಿರು ಬಿಗಿ, ನೀಲಿ ಬಿಗಿ. ಕಂದು ಮಾತ್ರ ಕಡ್ಡಿ ತಾಗಿದ್ದೇ ತಡ, ಎದ್ದು ಕೈಗೇ ಬಂತು. ಹೊರಗಿನ ದಪ್ಪ ಸಿಪ್ಪೆ ಬಿಡಿಸುವಾಗ ಯಾರದೋ ಬ್ಲೇಡು ಒಳಗಿನ ಆ ಎಳೆಗೂ ತಾಗಿತ್ತು. ಬಣ್ಣದ ಪ್ಲಾಸ್ಟಿಕ್‌ನಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು, ಅದರೊಳಗೆ ತಾಮ್ರ ಪೂರ್ತಿ ತುಂಡಾಗಿದೆ. ಪ್ಲಾಸ್ಟಿಕ್ ಒಂದೇ ಅದನ್ನು ಹಿಡಿದುಕೊಂಡಿತ್ತು. ತುಂಡಾದ ಜಾಗದಲ್ಲಿ ತಾಮ್ರ ಇನ್ನೂ ಹೊಳೆಯುತ್ತಿತ್ತು.

ಎಳೆಗಳ ಬಣ್ಣದ ಕ್ರಮದಲ್ಲಿ ಸಾಮಾನ್ಯವಾಗಿ ಬಳಸುವ ಬಿ ಜೋಡಣೆಯಲ್ಲಿ ಕಂದು ಎಳೆ 8ನೇ ಪಿನ್. ಟೆಸ್ಟರ್ ಹೇಳಿದ್ದು ಸರಿಯಾಗಿಯೇ ತಾಳೆಯಾಯಿತು.

ಪೆಟ್ಟಿಗೆಯೊಳಗೆ ಸುಮಾರು ಒಂದು ಗೇಣು ಕೇಬಲನ್ನು ಸುರುಳಿ ಸುತ್ತಿ ಬಿಟ್ಟಿದ್ದರು. ಯಾರು ಬಿಟ್ಟರೋ, ಅವರಿಗೆ ಮನಸಾರೆ ವಂದನೆ. ಅದಿಲ್ಲದಿದ್ದರೆ ಗೋಡೆ ಒಡೆಯಬೇಕಾಗುತ್ತಿತ್ತು. ಮೂರು ಸೆಂಟಿಮೀಟರ್ ಕತ್ತರಿಸಿ ತೆಗೆದು ಹೊಸದಾಗಿ ಸಿಪ್ಪೆ ಬಿಡಿಸಿದೆ. ಬ್ಲೇಡನ್ನು ಪೂರ್ತಿ ಒತ್ತಬಾರದು. ಅರ್ಧ ಆಳಕ್ಕೆ ಒಂದು ಸುತ್ತು ಗೀರಿ, ಕೇಬಲನ್ನು ಬಗ್ಗಿಸಿದರೆ ಸಿಪ್ಪೆ ತಾನೇ ಬಿರಿಯುತ್ತದೆ. ಆಮೇಲೆ ಜೋಡಿಗಳ ಹೆಣಿಗೆಯನ್ನು ಜಾಸ್ತಿ ಬಿಚ್ಚಬಾರದು, 13 ಮಿಲಿಮೀಟರ್ ಒಳಗೇ ಇರಬೇಕು ಅನ್ನುವುದು ನಿಯಮ. ಆ ಹೆಣಿಗೆ ಅಂದಕ್ಕೆ ಇರುವುದಲ್ಲ. ಜೋಡಿಯ ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿರುವುದರಿಂದಲೇ ಪಕ್ಕದ ಜೋಡಿಯ ಗದ್ದಲ ಒಳಗೆ ಬರುವುದಿಲ್ಲ. ಪಂಚ್ ಟೂಲ್‌ನಿಂದ ಎಂಟನ್ನೂ ಒತ್ತಿದೆ. ಪ್ರತಿ ಸಲ ಟಕ್ ಅಂತ ಒಂದು ಗಟ್ಟಿ ಸದ್ದು ಬರಬೇಕು.

ಟೆಸ್ಟರ್ ಹಾಕಿದೆ. ಎಂಟೂ ಹತ್ತಿದವು. ರೂಟರ್ ಚುಚ್ಚಿದೆ. ವ್ಯಾನ್ ಪೋರ್ಟ್: 1000. ಫೋನಿನಲ್ಲಿ 287, ಆಮೇಲೆ 301, ಆಮೇಲೆ 264. ಅಂಕಿಗಳು ಅಲುಗಾಡುತ್ತಿರುವುದನ್ನು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಬೀರುವಿನಿಂದ ಶೆಲ್ಫಿಗೆ

ಹಿಂದಿನ ಕೋಣೆಯಲ್ಲಿ ಅಳೆದರೆ -74. ಹಳೆಯದಕ್ಕಿಂತ ವಾಸಿ, ಆದರೆ ಸಾಲದು. ರೂಟರ್ ಕೂತಿದ್ದ ಕಬ್ಬಿಣದ ಬೀರು ತಾನೇ ಒಂದು ಗೋಡೆ. ಲೋಹಕ್ಕೆ ತಾಗಿದ ಅಲೆ ಆಚೆ ಹೋಗುವುದಿಲ್ಲ, ವಾಪಸ್ ಚಿಮ್ಮುತ್ತದೆ. ದೊಡ್ಡ ಕನ್ನಡಿ, ನೀರು ತುಂಬಿದ ತೊಟ್ಟಿ ಕೂಡ ಹೀಗೇ ಅಡ್ಡ ಬರುತ್ತವೆ. ಎದುರಿನ ಮರದ ಶೆಲ್ಫಿಗೆ ಸರಿಸಿದೆ, ನೆಲದಿಂದ ಐದೂವರೆ ಅಡಿ ಎತ್ತರ. ಹಿಂದಿನ ಕೋಣೆಯಲ್ಲಿ -66 ಆಯಿತು. 8 ಡಿಬಿ ವ್ಯತ್ಯಾಸ, ಅಂದರೆ ಆರು ಪಟ್ಟು ಜಾಸ್ತಿ ಶಕ್ತಿ. ಒಂದೂವರೆ ಮೀಟರ್ ಸರಿಸಿದ್ದಕ್ಕೆ! ಸ್ಪೀಡು 140. ರೂಟರನ್ನು ಬೀರುವಿನೊಳಗೆ, ಟಿವಿ ಹಿಂದೆ ಬಚ್ಚಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದಯವಿಟ್ಟು ಹೊರಗೆ ಇಡಿ.

ನನ್ನ ರೂಟರಿನ ವೈಫೈ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅನ್ನುವ ಎರಡು ರೇಡಿಯೋ ಪಟ್ಟಿಗಳಲ್ಲಿ, ಎರಡು ಬೇರೆ ಹೆಸರಿನಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್‌ನ ಚಾನೆಲ್ ಕೈಯಾರೆ ಇಟ್ಟೆ. ಇಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಆದರೆ ಒಂದು ಸಂಪರ್ಕಕ್ಕೆ ಬೇಕಾಗುವ ಅಗಲ 20. ಹಾಗಾಗಿ ಒಂದರ ಮೇಲೊಂದು ಬೀಳದೆ ಇರುವುದು 1, 6, 11 ಮಾತ್ರ. ಸುತ್ತಮುತ್ತಲಿನ ರೂಟರ್‌ಗಳಲ್ಲಿ ಹೆಚ್ಚಿನವು 6ರಲ್ಲಿದ್ದವು, ಯಾರೋ ಒಬ್ಬರು 3ರಲ್ಲಿದ್ದರು. 3 ಇಟ್ಟರೆ 1ಕ್ಕೂ ತೊಂದರೆ, 6ಕ್ಕೂ ತೊಂದರೆ, ಅವರಿಗೂ ಲಾಭವಿಲ್ಲ. ನಾನು 11 ಇಟ್ಟೆ, ಅಗಲ 20. ಮೈಕ್ರೋವೇವ್ ಓವನ್ ಓಡುವುದು 2450 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ 6 ಮತ್ತು 11ರ ನಟ್ಟನಡುವೆ. ಅದು ಓಡುವಾಗ 2.4ರಲ್ಲಿ ವಿಡಿಯೋ ತಡೆತಡೆದು ಬರುವುದು ಸಹಜ. 5 ಗಿಗಾಹರ್ಟ್ಸ್‌ಗೆ ಆ ಕಾಟವಿಲ್ಲ.

ಒಂದು ನಿಮಿಷ ಮಾಯವಾಗುವ ಹೆಸರು

ಮೂರನೇ ದಿನ ಹೊಸ ತಕರಾರು ಶುರುವಾಯಿತು. ವಿಡಿಯೋ ಕಾಲ್ ಮಧ್ಯೆ ಚಿತ್ರ ಕಲ್ಲಿನಂತೆ ನಿಲ್ಲುತ್ತದೆ. ಒಂದು ನಿಮಿಷ ಕಳೆದರೆ ತಾನೇ ಸರಿಹೋಗುತ್ತದೆ. ದಿನಕ್ಕೆ ಎರಡೋ ಮೂರೋ ಸಲ, ಹೊತ್ತಿಗೆ ನಿಯಮವಿಲ್ಲ. ಒಮ್ಮೆ ಅದೇ ಹೊತ್ತಿಗೆ ಫೋನಿನ ವೈಫೈ ಪಟ್ಟಿ ತೆಗೆದೆ. 5 ಗಿಗಾಹರ್ಟ್ಸ್‌ನ ಹೆಸರೇ ಇಲ್ಲ! 2.4ರದ್ದು ಇದೆ. ಸ್ವಲ್ಪ ಹೊತ್ತಿಗೆ 5ರ ಹೆಸರು ಮತ್ತೆ ಬಂತು.

ಮೊದಲ ಅನುಮಾನ ಕರೆಂಟಿನ ಮೇಲೆ. ಅಡಾಪ್ಟರ್ ಸಾಕಷ್ಟು ಶಕ್ತಿ ಕೊಡದಿದ್ದರೆ ರೂಟರ್ ಆಗಾಗ ತಾನೇ ರೀಸ್ಟಾರ್ಟ್ ಆಗುತ್ತದೆ. 12 ವೋಲ್ಟ್ 2 ಆಂಪಿಯರ್ ಬೇಕಾದ ರೂಟರಿಗೆ ಮನೆಯಲ್ಲಿದ್ದ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಹಾಕಿದರೂ ಪಿನ್ ಸರಿಯಾಗಿ ಕೂರಬಹುದು, ದೀಪವೂ ಹತ್ತಬಹುದು. ಕೆಲಸ ಜಾಸ್ತಿಯಾದಾಗ ಮಾತ್ರ ಕುಸಿಯುತ್ತದೆ. ನನ್ನದು ಡಬ್ಬದಲ್ಲೇ ಬಂದ ಅಡಾಪ್ಟರ್. ಆದರೂ ಖಾತ್ರಿ ಮಾಡಿಕೊಳ್ಳಲು ಅಪ್‌ಟೈಮ್, ಅಂದರೆ ರೂಟರ್ ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಅಂತ, ನೋಡಿದೆ: 2 ದಿನ 7 ಗಂಟೆ, ನಡುವೆ ಒಂದು ಸಲವೂ ನಿಂತಿಲ್ಲ. ಅಂದರೆ ರೂಟರ್ ರೀಸ್ಟಾರ್ಟ್ ಆಗುತ್ತಿಲ್ಲ. 5 ಗಿಗಾಹರ್ಟ್ಸ್ ಒಂದೇ ಬಾಯಿ ಮುಚ್ಚುತ್ತಿದೆ. ಒಂದು ಅಂಕಿಯಿಂದ ಅರ್ಧ ಅನುಮಾನ ತೊಲಗಿತು.

ಉತ್ತರ ಸಿಕ್ಕಿದ್ದು ಸಿಸ್ಟಂ ಲಾಗ್‌ನಲ್ಲಿ. ಯಾರೂ ತೆರೆದು ನೋಡದ ಪುಟ ಅದು. ಕಾಲ್ ನಿಂತ ಹೊತ್ತಿಗೆ ಸರಿಯಾಗಿ ಒಂದು ಸಾಲು: "ರೇಡಾರ್ ಡಿಟೆಕ್ಟೆಡ್, ಚಾನೆಲ್ 100". ಹಿಂದಿನ ದಿನದ ಎರಡು ಹೊತ್ತಿಗೂ ಅಂಥದೇ ಸಾಲುಗಳು.

5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರ ತನಕದ ಚಾನೆಲ್‌ಗಳಲ್ಲಿ ವೈಫೈ ಒಂಟಿಯಾಗಿಲ್ಲ. ಹವಾಮಾನ ರೇಡಾರ್‌ನಂಥವು ಅಲ್ಲಿಯ ಹಳೆಯ ನಿವಾಸಿಗಳು. ವೈಫೈಗೆ ಜಾಗ ಕೊಟ್ಟಿರುವುದು ಒಂದು ಷರತ್ತಿನ ಮೇಲೆ, ಅದಕ್ಕೆ ಡಿಎಫ್‌ಎಸ್ ಅಂತ ಹೆಸರು. ಮಾತಾಡುವ ಮುಂಚೆ ರೂಟರ್ ಕನಿಷ್ಠ 60 ಸೆಕೆಂಡ್ ಸುಮ್ಮನಿದ್ದು ಕಿವಿಗೊಡಬೇಕು. ರೇಡಾರ್ ಕೇಳಿಸಿದರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು, ಮುಂದಿನ 30 ನಿಮಿಷ ಆ ಕಡೆ ತಲೆಹಾಕಬಾರದು. ನನ್ನ ರೂಟರ್ "ಆಟೋ"ದಲ್ಲಿತ್ತು. ಖಾಲಿ ಇದೆ ಅಂತ 100 ಹಿಡಿದಿತ್ತು. ರೇಡಾರ್ ಕೇಳಿಸಿದ ಕೂಡಲೇ 52ಕ್ಕೆ ಜಿಗಿಯಿತು. ಅದೂ ಷರತ್ತಿನ ಚಾನೆಲ್ಲೇ, ಹಾಗಾಗಿ ಮತ್ತೆ 60 ಸೆಕೆಂಡ್ ಮೌನ. ಆ ಒಂದು ನಿಮಿಷದ ಲೆಕ್ಕ ಅಲ್ಲಿಗೆ ಸರಿಹೋಯಿತು ಅಲ್ವಾ? ಮೊದಲ ದಿನ ರೀಸ್ಟಾರ್ಟ್ ಮಾಡಿದಾಗಲೆಲ್ಲ 5ರ ಹೆಸರು ತಡವಾಗಿ ಬರುತ್ತಿದ್ದದ್ದೂ ಇದಕ್ಕೇ. ಆಗ ನಾನು ಅದನ್ನು ಗಮನಿಸಿಯೂ ಬರೆದುಕೊಂಡಿರಲಿಲ್ಲ.

ನಿಜವಾದ ರೇಡಾರೇ ಇರಬೇಕು ಅಂತಿಲ್ಲ. ಬೇರೆ ಯಾವುದೋ ಗದ್ದಲವನ್ನೂ ರೂಟರ್ ರೇಡಾರ್ ಅಂತ ತಿಳಿಯುವುದುಂಟು. ಎರಡಕ್ಕೂ ಪರಿಹಾರ ಒಂದೇ. ಚಾನೆಲನ್ನು 36ಕ್ಕೆ ಕಟ್ಟಿಹಾಕಿದೆ, ಅಗಲ 80 ಮೆಗಾಹರ್ಟ್ಸ್. ಅದು 36ರಿಂದ 48ರ ತನಕ ಹರಡುತ್ತದೆ, ಷರತ್ತಿನ ಜಾಗ ಮುಟ್ಟುವುದಿಲ್ಲ. 160 ಇಟ್ಟರೆ 64ರ ತನಕ ಹೋಗುತ್ತದೆ, ಮತ್ತೆ ಅದೇ ಗೋಳು. 300ರ ಪ್ಲಾನಿಗೆ 80 ಧಾರಾಳ ಸಾಕು. ಒಂದು ಮಾತು: ರೂಟರಿನಲ್ಲಿ ದೇಶದ ಹೆಸರನ್ನು ಸರಿಯಾಗಿಯೇ ಇಡಿ. ಯಾವ ಚಾನೆಲ್‌ಗೆ ಯಾವ ನಿಯಮ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಆ ಷರತ್ತು ಇರುವುದು ಯಾರದೋ ಹವಾಮಾನ ಮುನ್ಸೂಚನೆ ಕೆಡಬಾರದು ಅಂತ.

ಪ್ರಿಂಟರ್

ಪ್ರಿಂಟರ್ ಹಳೆಯದು, 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ನಾನು ವೈಫೈ ಭದ್ರತೆಯನ್ನು ಡಬ್ಲ್ಯೂಪಿಎ3 (ಡಬ್ಲ್ಯೂಪಿಎ2ರ ಮುಂದಿನ ಪದ್ಧತಿ) ಮಾತ್ರ ಅಂತ ಇಟ್ಟಿದ್ದೆ. ಡಬ್ಲ್ಯೂಪಿಎ3 ಬಂದಿದ್ದು 2018ರಲ್ಲಿ, ಅದಕ್ಕಿಂತ ಮುಂಚಿನ ಪ್ರಿಂಟರಿಗೆ ಆ ಭಾಷೆಯೇ ಬಾರದು. ಹೆಸರು ಕಾಣಿಸುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಮೊದಲು ಅದನ್ನು ಗೆಸ್ಟ್ ನೆಟ್‌ವರ್ಕಿಗೆ ಡಬ್ಲ್ಯೂಪಿಎ2 ಕೊಟ್ಟು ಸೇರಿಸಿದೆ. ಸೇರಿತು, ಆದರೆ ಲ್ಯಾಪ್‌ಟಾಪಿಗೆ ಕಾಣಿಸಲಿಲ್ಲ. ಗೆಸ್ಟ್ ಅಂದಮೇಲೆ ಮನೆಯ ಉಳಿದವುಗಳ ಜೊತೆ ಮಾತಾಡಲು ಬಿಡುವುದಿಲ್ಲ, ಅದು ಇರುವುದೇ ಅದಕ್ಕೆ. ಕೊನೆಗೆ ಮುಖ್ಯ ನೆಟ್‌ವರ್ಕನ್ನೇ ಡಬ್ಲ್ಯೂಪಿಎ2 ಮತ್ತು 3 ಎರಡೂ ಒಪ್ಪುವ ಮಿಶ್ರ ಮೋಡಿಗೆ ಹಾಕಿದೆ. ಪ್ರಿಂಟರ್ ಸೇರಿತು, ಮೊದಲ ಹಾಳೆಯೂ ಬಂತು.

ಉಳಿದ ಚಿಲ್ಲರೆ ಕೆಲಸ ಒಂದೇ ಸಲ ಕೂತು ಮುಗಿಸಿದೆ. ತಂತಿಯಲ್ಲೇ ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್. ಅಡ್ಮಿನ್ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ಹೊರಗಿನಿಂದ ಅಡ್ಮಿನ್ ಪುಟ ತೆರೆಯುವ ಸೌಲಭ್ಯ ಬಂದ್. ಪಾಸ್‌ವರ್ಡ್ ಟೈಪ್ ಮಾಡದೆ ಸಾಧನ ಸೇರಿಸುವ ಡಬ್ಲ್ಯೂಪಿಎಸ್ ಕೂಡ ಬಂದ್. ಅದರ ಎಂಟು ಅಂಕಿಯ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುತ್ತಾರೆ, ಕೊನೆಯ ಅಂಕಿ ಬರೀ ತಾಳೆ ನೋಡಲು. ಹಾಗಾಗಿ ಹತ್ತು ಕೋಟಿ ಸಾಧ್ಯತೆ ಇರಬೇಕಾದ ಕಡೆ 11,000 ಪ್ರಯತ್ನ ಸಾಕಾಗುತ್ತದೆ. 2011ರಲ್ಲೇ ಬಯಲಾದ ಲೋಪ ಇದು, ಇನ್ನೂ ಎಷ್ಟೋ ರೂಟರ್‌ಗಳಲ್ಲಿ ಆನ್ ಆಗಿಯೇ ಬರುತ್ತದೆ. ಎಲ್ಲ ಮುಗಿದ ಮೇಲೆ ಸೆಟ್ಟಿಂಗ್‌ಗಳ ಬ್ಯಾಕಪ್ ಫೈಲ್ ಇಳಿಸಿಕೊಂಡೆ. ಒಂದು ಚೀಟಿಯಲ್ಲಿ 192.168.50.1, ವಿಲ್ಯಾನ್ ನಂಬರು, ಚಾನೆಲ್ 11 ಮತ್ತು 36 ಅಂತ ಬರೆದು ಶೆಲ್ಫಿನ ಒಳಬದಿಗೆ ಅಂಟಿಸಿದೆ. ನಾನಿಲ್ಲದಾಗ ಕೆಟ್ಟರೆ ಮನೆಯವರು ಫೋನಿನಲ್ಲಿ ಓದಿ ಹೇಳಬಹುದು.

ಇವತ್ತಿನ ಅಪ್‌ಟೈಮ್ 9 ದಿನ 4 ಗಂಟೆ. ಲಾಗ್‌ನಲ್ಲಿ ರೇಡಾರ್ ಸಾಲು ಒಂದೂ ಇಲ್ಲ. ಹಿಂದಿನ ಕೋಣೆಯ ಆಚೆಗಿನ ಮೂಲೆಯಲ್ಲಿ ಮಾತ್ರ ಇನ್ನೂ -75. ಅಲ್ಲಿಗೆ ಮುಂದೆ ಒಂದು ಸಣ್ಣ ಆ್ಯಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಡಬ್ಬಿ) ಹಾಕಬೇಕು. ಓಣಿಯಿಂದ ಆ ಕೋಣೆಗೂ ಗೋಡೆಯೊಳಗೆ ಒಂದು ಕೇಬಲ್ ಇದೆ. ನಿನ್ನೆ ರಾತ್ರಿ ಟೆಸ್ಟರಿನ ಎರಡೂ ತುಂಡನ್ನು ಅದರ ಎರಡು ತುದಿಗೆ ಹಾಕಿ, ನೆಲದ ಮೇಲೆ ಕೂತು ಎಣಿಸಿದೆ. ಎಂಟೂ ಹತ್ತಿದವು.